ಆರು ಟ್ಯಾಂಕ್ ಪೆಟ್ರೋಲ್, ಒಂದು ನೋಟ್‌ಬುಕ್

"ಪ್ರೀಮಿಯಮ್ ಹಾಕ್ಲಾ ಸಾರ್? ಪಿಕಪ್ ಚೆನ್ನಾಗಿರುತ್ತೆ." ಬಂಕಿನ ಹುಡುಗ ಹೀಗೆ ಕೇಳಿದರೆ ಬೇಡ ಅನ್ನುವುದು ಕಷ್ಟ. ಲೀಟರಿಗೆ ಆರೇಳು ರೂಪಾಯಿ ಜಾಸ್ತಿ ಅಷ್ಟೇ, ಅದಕ್ಕೆ ಯಾಕೆ ಜಿಪುಣತನ ಅಂತ ನಾನೂ ಒಂದು ವರ್ಷ ಅದನ್ನೇ ಹಾಕಿಸಿದೆ. ಗಾಡಿ ಈಗ ನುಣ್ಣಗೆ ಓಡುತ್ತಿದೆ ಅಂತ ಹೆಂಡತಿಯ ಹತ್ತಿರ ಹೇಳುತ್ತಲೂ ಇದ್ದೆ. ಒಂದು ದಿನ ಅವಳು ಕೇಳಿದಳು, "ನುಣ್ಣಗೆ ಅಂದ್ರೆ ಎಷ್ಟು?"

ಉತ್ತರ ಇರಲಿಲ್ಲ. ಲೆಕ್ಕ ಶುರುವಾಗಿದ್ದು ಅಲ್ಲಿಂದ.

ಇದು 2022ರ ಕೊನೆಯ ಮಾತು. ಬೆಂಗಳೂರಲ್ಲಿ ಸಾದಾ ಪೆಟ್ರೋಲ್ ಲೀಟರಿಗೆ 101.94 ರೂಪಾಯಿ ಇತ್ತು. ನನ್ನದು ಹಳೆಯ 1.2 ಲೀಟರ್ ಸ್ವಿಫ್ಟ್, ಟರ್ಬೊ (ಇಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ) ಇಲ್ಲ. ತಿಂಗಳಿಗೊಮ್ಮೆ ಪುತ್ತೂರಿಗೆ ಹೋಗಿ ಬರುವುದು ಇದ್ದೇ ಇತ್ತು. ಹೆಚ್ಚುಕಡಿಮೆ 600 ಕಿಲೋಮೀಟರ್, ಹತ್ತಿರ ಹತ್ತಿರ ಒಂದು ಟ್ಯಾಂಕ್. ನೆಲಮಂಗಲದ ಹತ್ತಿರ ಒಂದೇ ಬಂಕು, ಬೆಳಿಗ್ಗೆ ಆರು ಗಂಟೆ. ಹೊರಡುವ ಮುಂಚೆ ಟೈರಿನ ಗಾಳಿ ನೋಡುವುದು. ಬಂಕಿನವರಿಗೆ ಒಂದೇ ಮಾತು: ನಾಜಲ್ ಕಟ್ ಆದ ಕೂಡಲೇ ನಿಲ್ಲಿಸಿ, ರೌಂಡ್ ಫಿಗರ್ ಬೇಡ. ಈ ರೌಂಡ್ ಫಿಗರ್ ಚಟವೇ ಮೈಲೇಜ್ ಲೆಕ್ಕವನ್ನು ಹಾಳು ಮಾಡುವುದು. ಪೆಟ್ರೋಲ್ ಬದಲಿಸಿದಾಗ ಮೊದಲ ಟ್ಯಾಂಕನ್ನು ಲೆಕ್ಕಕ್ಕೆ ಹಿಡಿಯದೆ ಊರೊಳಗೇ ಓಡಿಸಿ ಖಾಲಿ ಮಾಡಿದೆ. ಇಲ್ಲದಿದ್ದರೆ ತಳದಲ್ಲಿ ಉಳಿದಿದ್ದೂ ಹೊಸದೂ ಬೆರೆತುಹೋಗುತ್ತದೆ.

ಲೀಟರಿಗೆ ಎಷ್ಟು ಕಿಲೋಮೀಟರ್ ಅಂತ ನೋಡಿದರೆ, ಸಾದಾ ಪೆಟ್ರೋಲಿಗೆ ಬಂದಿದ್ದು 17.4, 18.1, 17.6. ಪ್ರೀಮಿಯಮ್‌ಗೆ 17.9, 17.2, 18.2. ಆ 17.2 ಬಂದ ಸಲ ವಾಪಸ್ ಬರುವಾಗ ಡಿಕ್ಕಿಯಲ್ಲಿ ನಾಲ್ಕು ಹಲಸಿನ ಹಣ್ಣು, ಅರ್ಧ ಗೋಣಿ ತೆಂಗಿನಕಾಯಿ ಇತ್ತು. ಅಂದರೆ ಪೆಟ್ರೋಲಿನ ವ್ಯತ್ಯಾಸಕ್ಕಿಂತ ಅತ್ತೆಮನೆಯ ಪ್ರೀತಿಯ ತೂಕವೇ ಜಾಸ್ತಿ.

ಮೈಲೇಜ್ ಬಿಡಿ, ಪಿಕಪ್? ಅದಕ್ಕೆ ಹೆಂಡತಿಯೇ ಉಪಾಯ ಹೇಳಿದಳು. ಒಂದಷ್ಟು ದಿನ ಅವಳೇ ಹೋಗಿ ಪೆಟ್ರೋಲ್ ತುಂಬಿಸಿ, ಬಿಲ್ ಬಚ್ಚಿಟ್ಟಳು. ನಾನು ಓಡಿಸಿ ಯಾವುದು ಅಂತ ಹೇಳಬೇಕು. ನಾಲ್ಕು ಸಲದಲ್ಲಿ ಎರಡು ಸರಿ, ಎರಡು ತಪ್ಪು. ಕಣ್ಣು ಮುಚ್ಚಿ ಹೇಳಿದ್ದರೂ ಅಷ್ಟೇ ಬರುತ್ತಿತ್ತು. ಒಮ್ಮೆಯಂತೂ ಸಾದಾ ಪೆಟ್ರೋಲಿಗೆ "ಇದು ಪಕ್ಕಾ ಪ್ರೀಮಿಯಮ್, ನೋಡು ಹೇಗೆ ಎಳೀತಿದೆ" ಅಂದಿದ್ದೆ. ಅದನ್ನು ಅವಳು ಇವತ್ತಿಗೂ ಮರೆತಿಲ್ಲ.

ಆಮೇಲೆ ಓದಿ ತಿಳಿದುಕೊಂಡೆ. ಪ್ರೀಮಿಯಮ್‌ನಲ್ಲಿ ಜಾಸ್ತಿ ಇರುವುದು ಆಕ್ಟೇನ್ ಅನ್ನುವ ಅಂಕಿ. ಅದು ಪೆಟ್ರೋಲಿನ ಶಕ್ತಿಯ ಅಳತೆಯೇ ಅಲ್ಲ, ತಾಳ್ಮೆಯ ಅಳತೆ. ಸಿಲಿಂಡರಿನಲ್ಲಿ ಗಾಳಿ ಮತ್ತು ಪೆಟ್ರೋಲನ್ನು ಒತ್ತಿದಾಗ ಬಿಸಿಯೇರುತ್ತದೆ. ಸ್ಪಾರ್ಕ್‌ನಿಂದ ಹೊತ್ತಿದ ಬೆಂಕಿ ಬಂದು ಮುಟ್ಟುವವರೆಗೆ ಪೆಟ್ರೋಲ್ ತಾನೇ ಹೊತ್ತಿಕೊಳ್ಳದೆ ಕಾಯಬೇಕು. ಕಾಯದೆ ತಾನೇ ಹೊತ್ತಿಕೊಂಡು ಚಟಪಟ ಸದ್ದು ಮಾಡಿದರೆ ಅದೇ ನಾಕಿಂಗ್. ಜಾಸ್ತಿ ಒತ್ತುವ ಇಂಜಿನ್‌ಗೆ, ಟರ್ಬೊಗೆ ಜಾಸ್ತಿ ತಾಳ್ಮೆಯ ಪೆಟ್ರೋಲ್ ಬೇಕು. ನನ್ನ ಇಂಜಿನ್‌ಗೆ 91 ಆಕ್ಟೇನ್ ಸಾಕು ಅಂತ ಅದರ ಕೈಪಿಡಿಯಲ್ಲೇ ಬರೆದಿದೆ. ಆಗ ಬಂಕಿನ ಸಾದಾ ಪೆಟ್ರೋಲ್ ಇದ್ದಿದ್ದೂ 91. ಕಾಯಲು ಬೇಕಾಗಿದ್ದೇ ಅಷ್ಟು ಹೊತ್ತು ಅಂದಮೇಲೆ ಪ್ರೀಮಿಯಮ್‌ನ 95 ಹಾಕಿದರೆ ಏನು ಹೆಚ್ಚು ಸಿಗುತ್ತದೆ? ಪ್ರೀಮಿಯಮ್‌ನಲ್ಲಿ ಇಂಜಿನ್ ಒಳಗಿನ ಕೊಳೆ ತೆಗೆಯುವ ರಾಸಾಯನಿಕ ಬೆರೆಸಿರುತ್ತಾರೆ, ಅದು ಬೇರೆ ಮಾತು.

ಹಾಗಂತ ಪ್ರೀಮಿಯಮ್ ಸುಳ್ಳು ಅಂತ ಅಲ್ಲ. ಮಾವನ ಹತ್ತಿರ ಕಾರ್ಬೊರೇಟರ್ ಕಾಲದ ಒಂದು ಮುದಿ ಕಾರಿತ್ತು. ಏಪ್ರಿಲ್ ಮಧ್ಯಾಹ್ನ, ಒಳಗೆ ಐದು ಜನ, ಗುಂಡ್ಯ ದಾಟಿ ಶಿರಾಡಿ ಘಾಟ್ ಹತ್ತುತ್ತಿದ್ದೆವು. ಮೂರನೇ ಗೇರಿನಲ್ಲಿ ಒತ್ತಿದರೆ ಬಾನೆಟ್ ಒಳಗಿಂದ ಕಡಲೆ ಹುರಿದ ಹಾಗೆ ಚಟಪಟ. ಒಳಗೆ ಕಾರ್ಬನ್ ಕಟ್ಟಿದೆ, ಪ್ರೀಮಿಯಮ್ ಹಾಕಿ ನೋಡಿ ಅಂದ ಮೆಕ್ಯಾನಿಕ್. ಹಾಕಿಸಿದೆವು. ಮುಂದಿನ ಸಲ ಅದೇ ತಿರುವಿನಲ್ಲಿ ಸದ್ದು ಬಹುಪಾಲು ನಿಂತಿತ್ತು. ಎರಡನೇ ಗೇರಿಗೆ ಇಳಿಸಿದರೂ ನಿಲ್ಲುತ್ತಿತ್ತು ಅನ್ನಿ, ಅದು ಪುಕ್ಕಟೆ. ಈಗಿನ ಕಾರುಗಳಲ್ಲಿ ಈ ಸದ್ದು ಕೇಳುವುದೇ ಅಪರೂಪ. ನಾಕ್ ಸೆನ್ಸರ್ ಮೊದಲೇ ಗ್ರಹಿಸಿ ಸ್ಪಾರ್ಕನ್ನು ಕೊಂಚ ತಡ ಮಾಡಿಸುತ್ತದೆ. ಇಂಜಿನ್ ಉಳಿಯುತ್ತದೆ, ಎಳೆತ ಸ್ವಲ್ಪ ಕಡಿಮೆಯಾಗುತ್ತದೆ. ಬಾಮೈದನ ಟರ್ಬೊ ಕಾರಿನ ಪೆಟ್ರೋಲ್ ಮುಚ್ಚಳದ ಹಿಂದೆ 95 ಅಂತ ಅಂಟಿಸಿದೆ. ಅವನು ದುಡ್ಡು ಕೊಡುವುದಕ್ಕೆ ಅರ್ಥ ಇತ್ತು.

ಅಮೆರಿಕದಲ್ಲಿರುವ ಅಣ್ಣನ ಮಗ, "ಚಿಕ್ಕಪ್ಪ, ಇಲ್ಲಿ ನಾವು 87 ಹಾಕಿಸ್ತೀವಿ, ನಿಮ್ಮಲ್ಲಿ 91ಕ್ಕೇ ಗೊಣಗ್ತೀರಲ್ಲ" ಅಂತ ನಕ್ಕಿದ್ದ. ಅಲ್ಲಿ ಅಳೆಯುವ ರೀತಿಯೇ ಬೇರೆ. ಎರಡು ಬಗೆಯ ಪರೀಕ್ಷೆಯ ಸರಾಸರಿ ತೆಗೆದು ಹಾಕುತ್ತಾರೆ. ಅವರ 87 ಅಂದರೆ ಹೆಚ್ಚುಕಡಿಮೆ ನಮ್ಮ 91. ಅಲ್ಲಿನ ವಿಡಿಯೋ ನೋಡಿ "ನನ್ನ ಕಾರಿಗೂ 93 ಬೇಕಂತೆ" ಅನ್ನುವವರು ಇದನ್ನೊಮ್ಮೆ ಗಮನಿಸಬೇಕು.

ನನ್ನ ನೋಟ್‌ಬುಕ್ಕೂ ಈಗ ಹಳೆಯದಾಯಿತು. 20% ಎಥೆನಾಲ್ ಬೆರೆಸಿದ ಪೆಟ್ರೋಲ್ ಬಂದಮೇಲೆ ಸಾದಾ ಪೆಟ್ರೋಲಿನ ಆಕ್ಟೇನೇ 91ರಿಂದ 95ಕ್ಕೆ ಏರಿದೆ ಅಂತ 2025ರಲ್ಲಿ ಕೇಂದ್ರ ಸರ್ಕಾರವೇ ಹೇಳಿತು. ಎಥೆನಾಲ್‌ನ ಆಕ್ಟೇನ್ ಜಾಸ್ತಿ, ಆದರೆ ಲೀಟರಿಗೆ ಲೀಟರ್ ಹೋಲಿಸಿದರೆ ಅದರಲ್ಲಿರುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ಆಕ್ಟೇನ್ ಏರಿತು, ನನ್ನ ಮೈಲೇಜ್ ಇಳಿಯಿತು. ಕಳೆದ ಸಲ ಪುತ್ತೂರಿಗೆ ಹೋಗಿ ಬಂದಾಗ 16.8. ಡಿಕ್ಕಿಯಲ್ಲಿ ಹಲಸಿನ ಹಣ್ಣೂ ಇರಲಿಲ್ಲ.