ಎರಡು ಅರ್ತ್‌ಗಳ ನಡುವೆ ಸುಟ್ಟ ರಿಪೀಟರ್

ಮೂಡಿಗೆರೆ ಕಡೆಯ ಕಾಫಿ ಎಸ್ಟೇಟೊಂದರ ಗುಡ್ಡದ ಮೇಲಿನ ವಿಎಚ್‌ಎಫ್ ರಿಪೀಟರ್ ನೋಡಿಕೊಳ್ಳುವುದು ನನ್ನ ಕೆಲಸ. ವಾಕಿಟಾಕಿಯ ದನಿ ಹಿಡಿದು, ಜೋರಾಗಿಸಿ ಮತ್ತೆ ಕಳಿಸುವ ರೇಡಿಯೊ ಸೆಟ್ ಅದು. ಕಣಿವೆಯಲ್ಲಿ ಮೊಬೈಲ್ ಸಿಗುವುದಿಲ್ಲ. ಆನೆ ಯಾವ ಪಟ್ಟೆಯಲ್ಲಿದೆ ಎಂದು ಆಳುಗಳಿಗೆ ತಿಳಿಯುವುದು ವಾಕಿಟಾಕಿಯಿಂದಲೇ. ನಮ್ಮಲ್ಲಿ ಸಿಡಿಲಿನ ಕಾಟ ಆಷಾಢದ ಜಡಿಮಳೆಗಿಂತ ಅಶ್ವಿನಿ, ಭರಣಿ ಮಳೆಯ ಸಂಜೆಗಳಲ್ಲಿ ಹೆಚ್ಚು.

ಮೊದಲ ವರ್ಷ ಭರಣಿಯಲ್ಲೇ ಸೆಟ್ ಹೋಯಿತು. ಎಸ್ಟೇಟ್ ರೈಟರು ಬಂಗಲೆಯಿಂದ ಫೋನ್ ಮಾಡಿ, “ಟವರಿಗೆ ಬಡೀಲೇ ಇಲ್ಲ ಮಾರಾಯ್ರೆ, ಪಕ್ಕದ ಸಿಲ್ವರ್ ಮರ ಸೀಳಿದೆ” ಅಂದರು. ಹೋಗಿ ನೋಡಿದರೆ ಆಂಟೆನಾ ಚೆನ್ನಾಗಿತ್ತು. ಪವರ್ ಸಪ್ಲೈ ಬೋರ್ಡಿನ ಮೇಲೆ ತಾಮ್ರದ ಗೆರೆ ಆವಿಯಾಗಿ, ಅದರ ಜಾಗದಲ್ಲಿ ಮಸಿಯ ಗೀಟು ಮಾತ್ರ ಉಳಿದಿತ್ತು.

ಟವರಿಗೊಂದು ಅರ್ತ್, ಇಪ್ಪತ್ತು ಮೀಟರ್ ಆಚೆ ಕರೆಂಟ್ ಮೀಟರಿಗೆ ಇನ್ನೊಂದು. ಸಿಡಿಲು ನೆಲಕ್ಕಿಳಿದ ಕ್ಷಣ ಎರಡರ ನಡುವೆ ಸಾವಿರಾರು ವೋಲ್ಟ್ ವ್ಯತ್ಯಾಸ. ಇವೆರಡಕ್ಕೂ ಸೇತುವೆಯಾಗಿದ್ದದ್ದು ನನ್ನ ಸೆಟ್ ಒಂದೇ.

ಕೋಣೆಯ ಸುತ್ತ ನೆಲದಡಿ ಲೋಹದ ಪಟ್ಟಿ ಹೂತು, ಟವರಿನ ಕಾಲು, ಮೀಟರಿನ ಅರ್ತ್ ಎರಡನ್ನೂ ಅದಕ್ಕೆ ಸೇರಿಸಿದೆ. ಕೇಬಲ್ ಒಳಬರುವ ಜಾಗದಲ್ಲಿ ಒಂದೇ ತಾಮ್ರದ ಪ್ಲೇಟು. ಕೋಯಾಕ್ಸಿನ (ಆಂಟೆನಾ ಕೇಬಲಿನ) ಗ್ಯಾಸ್ ಟ್ಯೂಬ್ ಅರೆಸ್ಟರ್, ಕರೆಂಟಿನ ಸರ್ಜ್ ಪ್ರೊಟೆಕ್ಟರ್ ಎರಡೂ ಅದರ ಮೇಲೆ; ವೋಲ್ಟೇಜ್ ದಿಢೀರ್ ಏರಿದರೆ ಅದನ್ನು ಅರ್ತ್‌ಗೆ ತಿರುಗಿಸುವುದು ಇವುಗಳ ಕೆಲಸ. ಕೋಯಾಕ್ಸಿನ ಹೊರಜಾಲರಿಗೆ ಟವರಿನ ತುದಿಯಲ್ಲೂ ಬುಡದಲ್ಲೂ ಅರ್ತ್ ಕೊಟ್ಟೆ.

ಹಳೆಯ ಅರ್ತ್ ತಂತಿಯ ಹೆಚ್ಚುವರಿ ಉದ್ದವನ್ನು ಯಾರೋ ಕತ್ತರಿಸದೆ ಅಚ್ಚುಕಟ್ಟಾಗಿ ಸುರುಳಿ ಸುತ್ತಿಟ್ಟಿದ್ದರು. ನೋಡಿ ಸಂಕಟವಾಯಿತು. ಒಂದು ಮೀಟರ್ ತಂತಿಗೆ ಸುಮಾರು 1 ಮೈಕ್ರೊಹೆನ್ರಿ ಇಂಡಕ್ಟೆನ್ಸ್, ಅಂದರೆ ಪ್ರವಾಹದ ದಿಢೀರ್ ಬದಲಾವಣೆಗೆ ತಂತಿ ಒಡ್ಡುವ ತಡೆ. ಪ್ರವಾಹ ಮೈಕ್ರೊಸೆಕೆಂಡಿಗೆ 10 ಕಿಲೊಆಂಪಿಯರ್ ಏರಿದರೆ ಆ ಒಂದು ಮೀಟರಿನಲ್ಲೇ 10,000 ವೋಲ್ಟ್. ಸುರುಳಿ ಇದ್ದರೆ ಇನ್ನೂ ಹೆಚ್ಚು. ಕತ್ತರಿಸಿ ಎಸೆದು, ಅಗಲದ ಪಟ್ಟಿಯನ್ನು ಗಿಡ್ಡವಾಗಿ, ನೇರವಾಗಿ ಇಳಿಸಿದೆ.

ತೊಂದರೆ ಕೊಟ್ಟದ್ದು ನೆಲ. ಮೇಲೆ ಜಂಬಿಟ್ಟಿಗೆ, ಅದರಡಿ ಬಂಡೆ. ಮಾರ್ಚಿನಲ್ಲಿ ಅರ್ತ್ ಟೆಸ್ಟರ್ 28 ಓಮ್ ತೋರಿಸಿತು; ಇದು ಕಡಿಮೆ ಇದ್ದಷ್ಟು ಒಳ್ಳೆಯದು. ಮಳೆಗಾಲದಲ್ಲಿ ಅಳೆದರೆ ಲೆಕ್ಕ ಚೆಂದ ಬರುತ್ತದೆ, ಅದನ್ನು ನಂಬಬಾರದು. ಉಪ್ಪು ಹಾಕಲಿಲ್ಲ: ನಮ್ಮ ಮಳೆಗೆ ತೊಳೆದು ಹೋಗುತ್ತದೆ, ಇದ್ದಷ್ಟು ದಿನ ಲೋಹವನ್ನು ತಿನ್ನುತ್ತದೆ. ತೇವ ಹಿಡಿದಿಡುವ ಬೆಂಟೊನೈಟ್ ಜೇಡಿಮಣ್ಣು ತುಂಬಿ, ಇಳಿಜಾರಿನ ತೇವದ ಮಣ್ಣಿನವರೆಗೆ ಮೂರು ಪಟ್ಟಿ ಎಳೆದ ಮೇಲೆ 7 ಓಮಿಗೆ ಬಂತು.

ಮರುವರ್ಷ ಕೃತ್ತಿಕೆಯಲ್ಲಿ ಟವರಿಗೇ ಬಡಿಯಿತು, ರೇಡಿಯೊ ಮೂಕವಾಯಿತು. ಓಡಿಹೋಗಿ ನೋಡಿದರೆ ಗ್ಯಾಸ್ ಟ್ಯೂಬ್ ಮಾತ್ರ ಶಾರ್ಟ್ ಆಗಿತ್ತು. ಹೊಸದು ತಿರುಗಿಸಿ ಹಾಕಿದೆ. ಮೊದಲು ಕೇಳಿಸಿದ್ದು ಮೇಸ್ತ್ರಿಯ ದನಿ: “ಆನೆ ಹಳ್ಳ ದಾಟಿದೆ, ಈಚೆ ಯಾರೂ ಬರಬೇಡಿ.”