ಬಿಯರ್ ರೆಡಿ, ಇನ್ನು ಕೆಗ್‌ಗೆ (ಗ್ಯಾಸ್ ಒತ್ತಡ ತಡೆಯುವ ಸ್ಟೀಲ್ ಪೀಪಾಯಿಗೆ) ತುಂಬುವುದು ಹೇಗೆ?

ಮೊದಲೇ ಹೇಳಿಬಿಡುತ್ತೇನೆ. ಕರ್ನಾಟಕದಲ್ಲಿ ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಬಿಯರ್ ಮಾಡುವಂತಿಲ್ಲ. ಇದು ಅಮೆರಿಕದಲ್ಲಿರುವ ಕನ್ನಡಿಗರಿಗೆ. ಅಲ್ಲಿ 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನಿನಿಂದ ಮನೆಬಳಕೆಗೆ ಬಿಯರ್ ಮಾಡಿಕೊಳ್ಳಬಹುದು, ಮಾರುವಂತಿಲ್ಲ.

ಗುಳ್ಳೆ ನಿಂತ ಮಾತ್ರಕ್ಕೆ ಫರ್ಮೆಂಟೇಶನ್ (ಯೀಸ್ಟ್ ಸಕ್ಕರೆಯನ್ನು ಆಲ್ಕೋಹಾಲ್ ಮಾಡುವ ಕೆಲಸ) ಮುಗಿಯಿತು ಅಂದುಕೊಳ್ಳಬೇಡಿ. ಹೈಡ್ರೋಮೀಟರ್ (ದ್ರವದ ಸಾಂದ್ರತೆ ಅಳೆಯುವ ಕೊಳವೆ) ಇಳಿಬಿಟ್ಟು ನೋಡಿ. ಎರಡು-ಮೂರು ದಿನ ಬಿಟ್ಟು ಮತ್ತೆ ನೋಡಿ. ಎರಡು ಸಲವೂ ಅಂಕಿ ಒಂದೇ ಇರಬೇಕು. ಬೆಣ್ಣೆ ವಾಸನೆ ಬರುತ್ತಿದೆಯಾ? ಇನ್ನೂ ಕೆಲವು ದಿನ ಬೆಚ್ಚಗೇ ಇರಲಿ, ಯೀಸ್ಟೇ ಅದನ್ನು ತಿಂದು ಮುಗಿಸುತ್ತದೆ.

ಆಮೇಲೆ ಫ್ರಿಜ್. 1–2 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡು ದಿನ ಇಟ್ಟರೆ ಯೀಸ್ಟ್, ಹಾಪ್ಸ್ (ಕಹಿ, ಪರಿಮಳಕ್ಕೆ ಹಾಕುವ ಹೂ) ಚೂರು ತಳದಲ್ಲಿ ಕೂರುತ್ತವೆ.

ಇಲ್ಲಿಂದ ಮುಂದೆ ಬಿಯರ್‌ಗೆ ಆಕ್ಸಿಜನ್ನೇ ಶತ್ರು. ಗಾಳಿ ತಾಗಿದರೆ ಒದ್ದೆ ರಟ್ಟಿನ ರುಚಿ ಬರುತ್ತದೆ. ಹಾಪ್ಸ್ ಜಾಸ್ತಿ ಹಾಕಿದ ಐಪಿಎ (ಇಂಡಿಯಾ ಪೇಲ್ ಏಲ್) ಬಿಯರ್ ಅಂತೂ ಬೇಗ ಕಂದು ತಿರುಗುತ್ತದೆ. ಮುಚ್ಚಳ ತೆಗೆದು ಸುಮ್ನೆ ಸುರಿಯುವ ಅಭ್ಯಾಸ ಬಿಡಿ.

ಮನೆಯಲ್ಲಿ ಹೆಚ್ಚಾಗಿ ಬಳಸುವುದು 5 ಗ್ಯಾಲನ್ನಿನ, ಅಂದರೆ ಸುಮಾರು 19 ಲೀಟರಿನ ಕಾರ್ನಿ ಕೆಗ್. ಹಿಂದೆ ಇದರಲ್ಲಿ ಸೋಡಾ ಸಿರಪ್ ಬರುತ್ತಿತ್ತು. ಹಳೆಯದು ಕೊಂಡರೆ ರಬ್ಬರ್ ರಿಂಗುಗಳನ್ನೆಲ್ಲ ಬದಲಾಯಿಸಿ, ಕೋಲಾ ವಾಸನೆ ಅಷ್ಟು ಸುಲಭಕ್ಕೆ ಹೋಗಲ್ಲ.

ಕೆಗ್ ತೊಳೆದು, ಬಿಯರ್ ಪಾತ್ರೆಗಳಿಗೆ ಬಳಸುವ ಸ್ಯಾನಿಟೈಸರ್ (ಕ್ರಿಮಿನಾಶಕ) ನೀರನ್ನು ಬಾಯಿಮಟ್ಟ ತುಂಬಿ. ಮುಚ್ಚಳ ಹಾಕಿ, ಕಾರ್ಬನ್ ಡೈಆಕ್ಸೈಡ್ ಬಿಟ್ಟು ಆ ನೀರನ್ನೆಲ್ಲ ಹೊರಗೆ ತಳ್ಳಿ. ಈಗ ಒಳಗಿರುವುದು ಬರೀ ಗ್ಯಾಸ್, ಗಾಳಿ ಇಲ್ಲ. ಒಳಗಿನ ಒತ್ತಡ ಬಿಟ್ಟು, ಫರ್ಮೆಂಟರ್ (ಬಿಯರ್ ಹುದುಗಿಸಿದ ಪಾತ್ರೆ) ನಲ್ಲಿಯಿಂದ ಕೆಗ್‌ನ ಲಿಕ್ವಿಡ್ ಪೋಸ್ಟ್‌ಗೆ (ಬಿಯರ್ ಹೋಗಿಬರುವ ಕೊಂಡಿ) ಟ್ಯೂಬ್ ಜೋಡಿಸಿ. ಗ್ಯಾಸ್ ಪೋಸ್ಟ್‌ನಿಂದ (ಗ್ಯಾಸ್ ಹೋಗಿಬರುವ ಕೊಂಡಿ) ಇನ್ನೊಂದು ಟ್ಯೂಬನ್ನು ಫರ್ಮೆಂಟರ್‌ನ ಮೇಲ್ಭಾಗಕ್ಕೆ ಕೊಡಿ. ಫರ್ಮೆಂಟರ್ ಎತ್ತರದಲ್ಲಿದ್ದರೆ ಸಾಕು. ಬಿಯರ್ ಕೆಳಗಿಳಿಯುತ್ತದೆ, ಗ್ಯಾಸ್ ಮೇಲೆ ಹೋಗುತ್ತದೆ.

ತುಂಬಿದ ಮೇಲೆ ಒಮ್ಮೆ 30 ಪಿಎಸ್‌ಐ (ಒತ್ತಡದ ಅಳತೆ) ಗ್ಯಾಸ್ ಕೊಟ್ಟರೆ ಮುಚ್ಚಳ ಗಟ್ಟಿಯಾಗಿ ಕೂರುತ್ತದೆ. ಸೋಪು ನೀರು ಸವರಿ ನೋಡಿ. ಸಣ್ಣ ಲೀಕ್ ಇದ್ದರೂ ಬೆಳಗಾಗುವಷ್ಟರಲ್ಲಿ ಸಿಲಿಂಡರ್ ಖಾಲಿಯಾಗಬಹುದು. ಮುಚ್ಚಿದ ಕೋಣೆಯಲ್ಲಿ ಈ ಗ್ಯಾಸ್ ತುಂಬಿಕೊಂಡರೆ ಜೀವಕ್ಕೇ ಅಪಾಯ.

ಒತ್ತಡ 12 ಪಿಎಸ್‌ಐಗೆ ಇಳಿಸಿ, 4 ಡಿಗ್ರಿಯಲ್ಲಿ ಒಂದು ವಾರದಿಂದ ಹತ್ತು ದಿನ ಬಿಡಿ. ಕೆಗ್ ಅಲ್ಲಾಡಿಸಿ ಒಂದೇ ದಿನದಲ್ಲಿ ಗ್ಯಾಸ್ ಹಿಡಿಸುವವರೂ ಇದ್ದಾರೆ. ನನಗೆ ಅದು ಇಷ್ಟವಿಲ್ಲ, ತಳ ಕಟ್ಟಿದ್ದೆಲ್ಲ ಮತ್ತೆ ಮೇಲೇಳುತ್ತದೆ.

ಮೊದಲ ಲೋಟ ಮಬ್ಬಾಗಿರುತ್ತದೆ, ಚೆಲ್ಲಿ. ಬರೀ ನೊರೆಯೇ ಬಂದರೆ ಗ್ಯಾಸ್ ಕಡಿಮೆ ಮಾಡಲು ಹೋಗಬೇಡಿ, ನಲ್ಲಿಗೆ ಹೋಗುವ ಟ್ಯೂಬ್ ಗಿಡ್ಡವಾಗಿರುವುದೇ ಕಾರಣ ಇರಬಹುದು. ಒಳತೂತು ಕಿರಿದಾದ ಟ್ಯೂಬಾದರೆ 10 ಅಡಿ ಉದ್ದದ್ದು ಹಾಕಿ ನೋಡಿ.