ಓಣಿಯ ಹುಡುಗರನ್ನು ನಾಯಕತ್ವಕ್ಕೆ ಸಿದ್ಧಗೊಳಿಸುವ ಬಗೆ

ಏಪ್ರಿಲ್ 14ರ ಅಂಬೇಡ್ಕರ್ ಜಯಂತಿ ಬಂದರೆ ಕಲಬುರಗಿಯ ದಲಿತ ಓಣಿಗಳಲ್ಲಿ ಪಟ್ಟಿ ಎತ್ತುವವರು, ನೀಲಿ ಬಾವುಟ ಕಟ್ಟುವವರು, ಜಗತ್ ವೃತ್ತದವರೆಗೆ ಬಿಸಿಲಲ್ಲಿ ಮೆರವಣಿಗೆ ನಡೆಸುವವರು ಹದಿನೆಂಟರಿಂದ ಇಪ್ಪತ್ತೈದು ವಯಸ್ಸಿನ ಹುಡುಗರೇ. ಆದರೆ ಕೂಡಿದ ಹಣ ಯಾವುದಕ್ಕೆ ಖರ್ಚಾಗಬೇಕು, ವೇದಿಕೆಯ ಮೇಲೆ ಯಾರು ಕೂರಬೇಕು, ಅಧಿಕಾರಿಗಳಿಗೆ ಕೊಡುವ ಮನವಿಯಲ್ಲಿ ಏನಿರಬೇಕು ಎಂಬುದನ್ನು ಬಹುಪಾಲು ಹಿರಿಯರೇ ತೀರ್ಮಾನಿಸಿರುತ್ತಾರೆ. ದುಡಿಮೆಯನ್ನು ಕೊಟ್ಟು ತೀರ್ಮಾನವನ್ನು ಕೊಡದ ಈ ರೂಢಿಯನ್ನು ಹಾಗೆಯೇ ಉಳಿಸಿಕೊಂಡು ಎಷ್ಟು ಶಿಬಿರಗಳನ್ನು ಮಾಡಿದರೂ ಭಾಷಣಕಾರರು ಸಿಕ್ಕಾರೇ ಹೊರತು ನಾಯಕರು ಸಿಗುವುದಿಲ್ಲ. ಹುಡುಗರ ಗುಂಪೊಂದನ್ನು ಒಂದು ವರ್ಷ ನಡೆಸಲು ಮುಂದಾಗುವ ಶಿಕ್ಷಕರು, ನಿಲಯ ಪಾಲಕರು ಮತ್ತು ಸಂಘಟನೆಯ ಹಿರಿಯರನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ಕ್ರಮವನ್ನು ಬರೆದಿದೆ.

ಕಪ್ಪು ಅಮೆರಿಕನ್ನರ ಹೋರಾಟ ನಮ್ಮವರಿಗೆ ಹೊಸದಲ್ಲ. 1966ರಲ್ಲಿ ಓಕ್ಲ್ಯಾಂಡ್‌ನಲ್ಲಿ ಹುಟ್ಟಿದ ಬ್ಲ್ಯಾಕ್ ಪ್ಯಾಂಥರ್ ಪಕ್ಷದ ಹೆಸರನ್ನೇ ಹೊತ್ತು 1972ರಲ್ಲಿ ಮುಂಬೈಯಲ್ಲಿ ದಲಿತ ಪ್ಯಾಂಥರ್ಸ್ ಹುಟ್ಟಿತು. ಅದಕ್ಕೂ ಮೊದಲೇ, 1968ರಲ್ಲಿ, ದಲಿತ ನಾಯಕ ಬಿ. ಶ್ಯಾಮಸುಂದರ್ ಅವರು ಭೀಮಸೇನೆಯನ್ನು ಕಟ್ಟಿದ್ದರು. ನಮ್ಮ ಹುಡುಗರು ಅಮೆರಿಕದ ಆ ಹೋರಾಟದ ಘೋಷಣೆ ಮತ್ತು ಚಿತ್ರಗಳನ್ನು ಬೇಗ ಎತ್ತಿಕೊಳ್ಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅಲ್ಲಿಂದ ಕಲಿಯಬೇಕಾದದ್ದು ಅದಕ್ಕಿಂತ ಹೆಚ್ಚಾಗಿ ಅಲ್ಲಿನ ಸದ್ದಿಲ್ಲದ ತರಬೇತಿಯ ಪದ್ಧತಿ.

ಮೊದಲು ಆಯ್ಕೆ. ಹನ್ನೆರಡರಿಂದ ಹದಿನೈದು ಮಂದಿ ಸಾಕು. ಚೆನ್ನಾಗಿ ಮಾತನಾಡುವವರನ್ನಷ್ಟೇ ಆರಿಸಬಾರದು. ಮೆಟ್ರಿಕ್ ನಂತರದ ವಸತಿ ನಿಲಯದಲ್ಲಿರುವ ಪದವಿ ವಿದ್ಯಾರ್ಥಿ, ಐಟಿಐ ಮುಗಿಸಿ ಕೆಲಸ ಹುಡುಕುತ್ತಿರುವವನು, ಪುಣೆಗೋ ಹೈದರಾಬಾದಿಗೋ ಗುಳೆ ಹೋಗಿ ಮರಳಿದವನು, ಆಟೋ ಓಡಿಸುವವನು ಒಂದೇ ಗುಂಪಿನಲ್ಲಿರಬೇಕು. ವಾರಕ್ಕೊಮ್ಮೆ ಎರಡು ತಾಸು ಸೇರಿದರೆ ಸಾಕಾಗುತ್ತದೆ. ತೊಗರಿ ರಾಶಿಯ ದಿನಗಳಲ್ಲಿ ಹಳ್ಳಿಯ ಹುಡುಗರು ಬರಲಾರರು, ಬೇಸಿಗೆಯಲ್ಲಿ ಮಧ್ಯಾಹ್ನ ಯಾರೂ ಬರಲಾರರು ಎಂಬುದನ್ನು ನೆನಪಿಟ್ಟು ವೇಳೆ ಗೊತ್ತುಮಾಡಬೇಕು. ಸ್ಥಳವು ಸಮುದಾಯ ಭವನವೋ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರವೋ (ಗ್ರಂಥಾಲಯವೋ) ಆಗಿರಲಿ. ಯಾವುದೇ ರಾಜಕೀಯ ಮುಖಂಡರ ಮನೆಯ ಅಂಗಳ ಮಾತ್ರ ಬೇಡ.

ಮೊದಲ ಸಭೆಯಲ್ಲಿ ಉಪನ್ಯಾಸ ಇರಬಾರದು. 1957ರಲ್ಲಿ ಅಮೆರಿಕದ ದಕ್ಷಿಣ ಕೆರೊಲಿನಾದ ಜಾನ್ಸ್ ದ್ವೀಪದಲ್ಲಿ ಕಪ್ಪು ಜನರಿಗಾಗಿ ಮೊದಲ ಪೌರತ್ವ ಶಾಲೆ ಆರಂಭವಾಯಿತು. ಓದು ಬರಹದ ಪರೀಕ್ಷೆಯ ನೆಪದಲ್ಲಿ ಅವರನ್ನು ಮತದಾರರ ಪಟ್ಟಿಯಿಂದ ಹೊರಗಿಡುತ್ತಿದ್ದ ಕಾಲವದು. ಶಿಕ್ಷಕಿ, ಹೋರಾಟಗಾರ್ತಿ ಸೆಪ್ಟಿಮಾ ಕ್ಲಾರ್ಕ್ ಅವರ ಮಾರ್ಗದರ್ಶನದಲ್ಲಿ ಅಲ್ಲಿ ಕಲಿಸಲು ಬಂದ ಬರ್ನೀಸ್ ರಾಬಿನ್ಸನ್ ವೃತ್ತಿಯಿಂದ ಶಿಕ್ಷಕಿಯಲ್ಲ, ಕೇಶಾಲಂಕಾರ ಮಾಡುತ್ತಿದ್ದವರು. ಮೊದಲ ದಿನ ಅವರು ಕಲಿಯಲು ಬಂದವರನ್ನೇ ಏನು ಕಲಿಯಬೇಕೆಂದು ಕೇಳಿದರು. ಹೆಸರು ಬರೆಯುವುದು, ಮನಿಆರ್ಡರ್ ಫಾರಂ ತುಂಬುವುದು, ಬೈಬಲ್ ಓದುವುದು ಎಂಬ ಉತ್ತರಗಳೇ ಪಾಠಕ್ರಮವಾದವು. ನಮ್ಮ ಗುಂಪಿನಲ್ಲಿಯೂ ಅದೇ ಪ್ರಶ್ನೆಯನ್ನು ಕೇಳಿದರೆ ವಿದ್ಯಾರ್ಥಿವೇತನದ ಅರ್ಜಿ ಏಕೆ ನಿಂತಿದೆ, ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ 371ಜೆ ಅರ್ಹತಾ ಪ್ರಮಾಣಪತ್ರಕ್ಕೆ ಯಾವ ದಾಖಲೆಗಳು ಬೇಕು, ಓಣಿಯ ಚರಂಡಿ ಅರ್ಧಕ್ಕೆ ನಿಂತದ್ದೇಕೆ ಎಂಬ ಮಾತುಗಳು ಬರುತ್ತವೆ. ಅವುಗಳಲ್ಲಿ ಒಂದನ್ನು ಮಾತ್ರ ಆರಿಸಿಕೊಂಡು ಕೊನೆಯವರೆಗೆ ಬೆನ್ನುಹತ್ತಬೇಕು.

ಚರಂಡಿಯ ವಿಷಯವನ್ನೇ ಆರಿಸಿದರು ಎಂದುಕೊಳ್ಳೋಣ. ಕಾಮಗಾರಿಯ ಅಂದಾಜುಪಟ್ಟಿ, ಕಾರ್ಯಾದೇಶ ಮತ್ತು ಮಾಡಿದ ಕೆಲಸದ ಅಳತೆಯನ್ನು ಬರೆದಿಡುವ ಅಳತೆ ಪುಸ್ತಕದ ನಕಲುಗಳನ್ನು ಮಾಹಿತಿ ಹಕ್ಕಿನಡಿ ಕೇಳುವುದು ಮೊದಲ ಪಾಠ. ಕರ್ನಾಟಕದ ನಿಯಮಗಳಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಮಿತಿ, 10 ರೂಪಾಯಿ ಶುಲ್ಕ; ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕವಿಲ್ಲ. ಅರ್ಜಿಯನ್ನು ಹಿರಿಯರು ಬರೆದುಕೊಡಬಾರದು. ಹುಡುಗರೇ ಬರೆದು, ಒಬ್ಬರದ್ದನ್ನು ಇನ್ನೊಬ್ಬರು ತಿದ್ದಿ, ತಾವೇ ಹೋಗಿ ಸಲ್ಲಿಸಿ ಸ್ವೀಕೃತಿ ಪಡೆಯಬೇಕು. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಮೊದಲ ಮೇಲ್ಮನವಿ. ಬಂದ ದಾಖಲೆಗಳನ್ನು ಹಿಡಿದು, ಹಳ್ಳಿಯಾದರೆ ಗ್ರಾಮಸಭೆಯಲ್ಲಿ ಪ್ರಶ್ನೆ ಎತ್ತಬಹುದು; ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ನಡೆಯಬೇಕೆಂದು ಪಂಚಾಯತ್ ರಾಜ್ ಕಾಯ್ದೆಯೇ ಹೇಳುತ್ತದೆ. ಹತ್ತು ಭಾಷಣಗಳನ್ನು ಕೇಳಿಸಿಕೊಂಡ ಹುಡುಗನಿಗಿಂತ ಒಂದು ಅಳತೆ ಪುಸ್ತಕವನ್ನು ಓದಬಲ್ಲ ಹುಡುಗನ ಮಾತಿಗೆ ಕಚೇರಿಯಲ್ಲಿ ಹೆಚ್ಚು ಬೆಲೆಯಿದೆ.

ಮುಂದಿನ ಹಂತವನ್ನು ನಮ್ಮಲ್ಲಿ ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಅದಕ್ಕೇ ಅದರ ಬಗ್ಗೆ ತುಸು ಹೆಚ್ಚು ಹೇಳಬೇಕಾಗಿದೆ. ನಾಗಪುರದ ಹಿಸ್ಲಾಪ್ ಕಾಲೇಜಿನಲ್ಲಿ 1950ರ ದಶಕದಲ್ಲಿ ಮೂರು ವರ್ಷ ಇದ್ದು, ಗಾಂಧಿಯವರ ಸತ್ಯಾಗ್ರಹವನ್ನು ಅಭ್ಯಾಸ ಮಾಡಿ ಹಿಂತಿರುಗಿದ ಜೇಮ್ಸ್ ಲಾಸನ್ ಎಂಬ ಕಪ್ಪು ಪಾದ್ರಿ ನ್ಯಾಶ್‌ವಿಲ್ ನಗರದಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಕಾರ್ಯಾಗಾರಗಳನ್ನು ನಡೆಸಿದರು. ಬಿಳಿಯರಿಗೆ ಮೀಸಲಾದ ಊಟದ ಕೌಂಟರಿನಲ್ಲಿ ಹೋಗಿ ಕೂರುವ ಮೊದಲು, ಕೆಲವರು ದಾಳಿಕೋರರಾಗಿ ಬೈಯುವುದು, ತಳ್ಳುವುದು, ಮುಖಕ್ಕೆ ಹೊಗೆ ಬಿಡುವುದು, ಉಳಿದವರು ಸಹಿಸಿ ಕುಳಿತೇ ಇರುವುದು, ಹೀಗೆ ತಿಂಗಳುಗಟ್ಟಲೆ ಅಭ್ಯಾಸ ನಡೆಯಿತು. 1960ರ ಫೆಬ್ರುವರಿಯಲ್ಲಿ ಅವರು ನಿಜವಾಗಿ ಹೋಗಿ ಕುಳಿತರು. ಮೇ ತಿಂಗಳಲ್ಲಿ ಆ ಕೌಂಟರುಗಳು ಕಪ್ಪು ಗಿರಾಕಿಗಳಿಗೂ ತೆರೆದವು. ಆ ಕಾರ್ಯಾಗಾರಗಳಲ್ಲಿ ಪಳಗಿದ ಜಾನ್ ಲೂಯಿಸ್ 1963ರ ವಾಷಿಂಗ್ಟನ್ ಜಾಥಾದಲ್ಲಿ ಮಾತನಾಡಿದಾಗ ಅವರಿಗೆ 23 ವರ್ಷ.

ನಮ್ಮ ಗುಂಪು ಅಭಿನಯಿಸಬೇಕಾದ ಸನ್ನಿವೇಶಗಳನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಹಳ್ಳಿಯ ಹೋಟೆಲಿನಲ್ಲಿ ಬೇರೆ ಲೋಟ ಕೊಟ್ಟಾಗ ಏನು ಹೇಳುವುದು? ಬಾಡಿಗೆ ಕೋಣೆ ಕೇಳಲು ಹೋದಾಗ ‘ನೀವು ಯಾವ ಪೈಕಿ?’ ಎಂಬ ಪ್ರಶ್ನೆ ಬಂದರೆ? ಠಾಣೆಯಲ್ಲಿ ದೂರು ತೆಗೆದುಕೊಳ್ಳದೆ ‘ನಾಳೆ ಬಾ, ವಿಚಾರಣೆ ಮಾಡಿ ನೋಡೋಣ’ ಎಂದರೆ? ಒಬ್ಬನು ಪಿಎಸ್ಐ ಆಗಿ ಕೂರಲಿ, ಇನ್ನೊಬ್ಬನು ದೂರುದಾರನಾಗಲಿ, ಮೂರನೆಯವನು ಎಲ್ಲವನ್ನೂ ಬರೆದುಕೊಳ್ಳಲಿ. ದೌರ್ಜನ್ಯ ತಡೆ ಕಾಯ್ದೆಗೆ 2018ರಲ್ಲಿ ಸೇರಿಸಿದ 18ಎ ಕಲಮಿನ ಪ್ರಕಾರ ಎಫ್ಐಆರ್ ದಾಖಲಿಸಲು ಪ್ರಾಥಮಿಕ ವಿಚಾರಣೆ ಬೇಕಿಲ್ಲ ಎಂಬ ಮಾತನ್ನೂ ಎಫ್ಐಆರ್ ಪ್ರತಿಯನ್ನು ದೂರುದಾರನಿಗೆ ಉಚಿತವಾಗಿ ಕೊಡಬೇಕು ಎಂಬ ಮಾತನ್ನೂ ದನಿ ಏರಿಸದೆ, ತಡವರಿಸದೆ ಹೇಳಲು ಬರುವವರೆಗೆ ಪಾತ್ರಗಳನ್ನು ಅದಲುಬದಲು ಮಾಡುತ್ತ ಆಡಬೇಕು. ಸಿಟ್ಟು ಬರುವುದು ತಪ್ಪಲ್ಲ; ಸಿಟ್ಟಿನಲ್ಲಿ ಕೈ ಎತ್ತಿದ ಹುಡುಗನ ಮೇಲೆ ಪ್ರತಿದೂರು ದಾಖಲಾದರೆ ನೌಕರಿಗೆ ಮುನ್ನದ ಪೊಲೀಸ್ ಪರಿಶೀಲನೆಯಲ್ಲಿ ಅವನೇ ಸಿಕ್ಕಿಕೊಳ್ಳುತ್ತಾನೆ ಎಂಬುದನ್ನು ಮಾತ್ರ ಬಿಚ್ಚಿ ಹೇಳಬೇಕು. ಆಟ ಮುಗಿದ ಮೇಲೆ ಅರ್ಧ ತಾಸು ಸುಮ್ಮನೆ ಮಾತಿಗೆ ಬಿಡಬೇಕು, ಏಕೆಂದರೆ ನಟಿಸಿದ ಅವಮಾನವು ಹಲವರಿಗೆ ನಿಜವಾಗಿ ಅನುಭವಿಸಿದ್ದನ್ನು ಕೆದಕಿರುತ್ತದೆ.

ಹಣದ ಲೆಕ್ಕವನ್ನು ಜಯಂತಿಯಿಂದಲೇ ಕಲಿಸಬಹುದು. ಪಟ್ಟಿ ಎತ್ತಲು ರಸೀದಿ ಪುಸ್ತಕ, ಖರ್ಚಿಗೆ ಬಿಲ್ಲು, ಇಬ್ಬರ ಸಹಿ, ಕಾರ್ಯಕ್ರಮ ಮುಗಿದ ವಾರದೊಳಗೆ ಸಮುದಾಯ ಭವನದ ಗೋಡೆಗೆ ಅಂಟಿಸಿದ ಜಮಾ-ಖರ್ಚು: ಇಷ್ಟೇ. ಡಿಜೆಗೆ ಕೊಡುವ ಹಣವನ್ನು ಕಡಿಮೆ ಮಾಡಿ ಪರೀಕ್ಷಾ ಪುಸ್ತಕ ತರಿಸುವುದೋ ಬೇಡವೋ ಎಂಬ ಜಗಳವನ್ನು ಹುಡುಗರೇ ಆಡಿ ಮುಗಿಸಲಿ. ಡಿಜೆಯೇ ಗೆದ್ದರೂ ಹಿರಿಯರು ಬಾಯಿ ಹಾಕಬಾರದು.

ಅಧ್ಯಕ್ಷರನ್ನು ಆರಿಸಬೇಡಿ. ಸಭೆ ನಡೆಸುವ ಹೊಣೆ ಪ್ರತಿ ತಿಂಗಳು ಕೈ ಬದಲಾಯಿಸಲಿ, ನಡಾವಳಿ ಬರೆಯುವ ಹೊಣೆಯೂ ಹಾಗೆಯೇ. 1960ರಲ್ಲಿ ಅಮೆರಿಕದ ವಿದ್ಯಾರ್ಥಿಗಳ ಅಹಿಂಸಾ ಸಮನ್ವಯ ಸಮಿತಿ ಹುಟ್ಟಲು ಕಾರಣರಾದ ಕಪ್ಪು ಮಹಿಳೆ ಎಲಾ ಬೇಕರ್ ಅವರು ಒಬ್ಬನೇ ದೊಡ್ಡ ನಾಯಕನನ್ನು ನೆಚ್ಚಿಕೊಳ್ಳುವುದನ್ನು ಉದ್ದಕ್ಕೂ ವಿರೋಧಿಸಿದರು. ವಿದ್ಯಾರ್ಥಿಗಳು ಹಿರಿಯರ ಸಂಘಟನೆಯ ಅಂಗವಾಗದೆ ಸ್ವತಂತ್ರವಾಗಿರಲಿ ಎಂದು ಪಟ್ಟು ಹಿಡಿದರು. ಅವರೂ ಸೆಪ್ಟಿಮಾ ಕ್ಲಾರ್ಕ್ ಅವರೂ ಹೋರಾಟದೊಳಗಿನ ಗಂಡಸರು ಹೆಂಗಸರ ಮಾತನ್ನು ಕೇಳಿಸಿಕೊಳ್ಳುತ್ತಿರಲಿಲ್ಲ ಎಂದು ದೂರಿದವರು ಎಂಬುದನ್ನು ಹುಡುಗರ ಗುಂಪು ನಡೆಸುವವರು ಮರೆಯಬಾರದು. ಆದ್ದರಿಂದ ಓಣಿಗೆ ಸಂಬಂಧಿಸಿದ ಯಾವ ತೀರ್ಮಾನವನ್ನೂ ಅಕ್ಕ-ತಂಗಿಯರು ಕೂತ ಸಭೆಗೆ ತರದೆ ಜಾರಿಗೆ ತರುವಂತಿಲ್ಲ ಎಂಬ ಕಟ್ಟಳೆಯನ್ನು ಮೊದಲ ತಿಂಗಳೇ ಬರೆದಿಡಬೇಕು.

ಹಿರಿಯರು ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕೂತು, ಕೇಳಿದರೆ ಮಾತ್ರ ಉತ್ತರಿಸಲಿ. ಚುನಾವಣೆ ಹತ್ತಿರವಾದಾಗ ಪಕ್ಷದವರು ಗುಂಪನ್ನು ಹುಡುಕಿಕೊಂಡು ಬರುವುದು ಖಂಡಿತ. ಯಾರ ಪ್ರಚಾರಕ್ಕೂ ಗುಂಪಿನ ಹೆಸರಿನಲ್ಲಿ ಹೋಗುವಂತಿಲ್ಲ, ಸ್ವಂತ ಹೆಸರಿನಲ್ಲಿ ಹೋಗಲು ಅಡ್ಡಿಯಿಲ್ಲ ಎಂದು ಮೊದಲೇ ನಿರ್ಧರಿಸಿಕೊಂಡರೆ ಗುಂಪು ಒಡೆಯುವುದಿಲ್ಲ. ವರ್ಷ ಮುಗಿಯುವಷ್ಟರಲ್ಲಿ ಮೂರ್ನಾಲ್ಕು ಮಂದಿ ಕೆಲಸಕ್ಕೋ ಓದಿಗೋ ಬೆಂಗಳೂರು ಸೇರಿರುತ್ತಾರೆ. ಹೊರಡುವ ಪ್ರತಿಯೊಬ್ಬನೂ ತನ್ನ ಕೈಯಲ್ಲಿದ್ದ ಅರ್ಜಿಗಳ ಕಡತವನ್ನೂ ರಸೀದಿ ಪುಸ್ತಕವನ್ನೂ ಪಿಯುಸಿ ಓದುತ್ತಿರುವ ಒಬ್ಬ ತಮ್ಮನಿಗೆ ಸಭೆಯಲ್ಲಿ ಎಲ್ಲರೆದುರು ಒಪ್ಪಿಸಿ, ನಡಾವಳಿಯಲ್ಲಿ ಇಬ್ಬರೂ ಸಹಿ ಹಾಕಬೇಕು.